ಗಂಧಾರದ ಮೂರನೇ ತಂತಿ

"ನನ್ನ ಪಿಯಾನೊದ ಹಲ್ಲೆಲ್ಲ ಕಿತ್ತವರು ಯಾರು?"

ಅಂಬಾ ಇದನ್ನು ಮರಾಠಿಯಲ್ಲಿ ಕೇಳಿದಳು, ಅದೂ ಬಾಗಿಲಲ್ಲಿ ನಿಂತೇ. ಆ ದನಿಗೆ ಕಿಟಕಿಯ ಮೇಲಿದ್ದ ಪಾರಿವಾಳಗಳು ಎದ್ದು ಹೋದವು.

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಅವಳು ಕಲಿಸುತ್ತಿದ್ದ ಸಂಗೀತಶಾಲೆಯ ಹಾಲಿನಲ್ಲಿ ನೆಲದ ತುಂಬ ಹಳೆಯ ಪೇಪರು ಹಾಸಿತ್ತು. ಪೇಪರಿನ ಮೇಲೆ ಪಿಯಾನೊದ ಕಪ್ಪು ಬಿಳಿ ಪಟ್ಟಿಗಳನ್ನು ಸಾಲಾಗಿ ಮಲಗಿಸಿದ್ದರು. ಪಿಯಾನೊ ಬಾಯಿ ತೆರೆದು ನಿಂತಿತ್ತು. ಅದರ ಅಡಿಯಿಂದ ಯಾರದೋ ಎರಡು ಕಾಲು ಮಾತ್ರ ಕಾಣುತ್ತಿದ್ದವು.

ಕಾಲುಗಳು ಅಲುಗಲಿಲ್ಲ. ಒಂದು ದನಿ ಮಾತ್ರ ಬಂತು. ಮೆಲ್ಲಗೆ, ತನಗೆ ತಾನೇ ಹೇಳಿಕೊಂಡಂತೆ, ಬೆಳಗಾವಿಯ ಕನ್ನಡದಲ್ಲಿ.

"ಪಿಯಾನೊ ಬೇಕಾದ್ರ ಟ್ಯೂನ್ ಮಾಡಬಹುದು. ಈ ಬಾಯಿ ಯಾರು ಟ್ಯೂನ್ ಮಾಡಬೇಕೋ ಏನೋ."

"ಮದ್ಲ ನಿಮ್ಮ ಬಾಯಿ ಹೊರಗ ತರ್ರಿ," ಎಂದಳು ಅಂಬಾ, ಅದೇ ಕನ್ನಡದಲ್ಲಿ. "ಆಮ್ಯಾಲೆ ಯಾರದು ಟ್ಯೂನ್ ಮಾಡೂದು ಅಂತ ನೋಡೂಣು."

ಈಗ ಕಾಲುಗಳು ಅಲುಗಿದವು. ತಲೆ ಪಿಯಾನೊದ ಅಡಿಗೆ ಬಡಿದ ಸದ್ದೂ ಕೇಳಿತು.

ಪುಣೆಯ ಕನ್ನಡಿಗರಿಗೆಲ್ಲ ಒಂದಲ್ಲ ಒಂದು ದಿನ ಹೀಗಾಗುತ್ತದೆ. ಇಲ್ಲಿ ಯಾರಿಗೆ ತಿಳಿಯಬೇಕು ಎಂಬ ಧೈರ್ಯದಲ್ಲಿ ಆಡಿದ ಮಾತು ನೇರ ಹೋಗಿ ಧಾರವಾಡದವರ ಕಿವಿಗೇ ಬೀಳುತ್ತದೆ.

ಹೊರಬಂದವನು ಮಾರ್ತಾಂಡ ಬಡಿಗೇರ. ಮೂವತ್ತೈದರ ಆಸುಪಾಸಿನವನು. ತಲೆಗೂದಲಲ್ಲಿ ಪಿಯಾನೊದೊಳಗಿನ ಕೆಂಪು ಉಣ್ಣೆಯ ಚೂರುಗಳು, ಕೈತುಂಬ ಹಳೆಯ ಧೂಳು. ಬೆಳಗಾವಿಯಲ್ಲಿ ಅವರ ಮನೆತನದವರೆಲ್ಲ ಹಾರ್ಮೋನಿಯಂ ಮಾಡುವವರು. ಇವನೊಬ್ಬ ಮುಂಬಯಿಗೆ ಹೋಗಿ ಪಿಯಾನೊ ಕೆಲಸ ಕಲಿತು, ಪುಣೆಯ ಧನಕವಡಿಯಲ್ಲಿ ಒಂದು ಶೆಡ್ ಹಿಡಿದು ಹಳೆಯ ಪಿಯಾನೊಗಳನ್ನು ದುರಸ್ತಿ ಮಾಡುತ್ತ ಕೂತವನು.

"ಅಂದದ್ದು ತಪ್ಪಾತು," ಎಂದ. "ಆದ್ರ ಮಾಡಿದ್ದು ತಪ್ಪಲ್ರಿ. ಸೆಕ್ರೆಟರಿ ದಿಗಂಬರ ಸರ್ ಕೆಲಸಾ ಕೊಟ್ಟಾರ."

"ನನಗ ಯಾರೂ ಹೇಳಿಲ್ಲ. ಇದರ ಮುಂದ ದಿನಾ ಕೂಡಾಕಿ ನಾನು."

"ದಿನಾ ಕೂಡ್ತೀರಿ ಅಂದ್ರ ನಿಮಗ ಗೊತ್ತಿರಬೇಕಲ್ಲ. ನೂರಾ ಮೂವತ್ತು ವರ್ಷದ ಮುದುಕಿ ಇದು. ಜರ್ಮನಿಯಿಂದ ಹಡಗಿನ್ಯಾಗ ಬಂದಾಕಿ. ಹಲ್ಲು ನಾ ಕಿತ್ತಿಲ್ರಿ, ಹುಳಾ ಕಿತ್ತಾವ. ನಾ ಹಚ್ಚಲಿಕ್ಕೆ ಬಂದೀನಿ."

ಮಾತಿನಲ್ಲಿ ಸೋತಾಗ ಅಂಬಾಗೆ ಸಿಟ್ಟು ಹೆಚ್ಚುತ್ತಿತ್ತು.

'ಎಷ್ಟು ಸೊಕ್ಕು ಈ ಮನುಷ್ಯನಿಗೆ...' ಎಂದುಕೊಂಡಳು.

ಆದರೂ ಅವತ್ತು ಮಕ್ಕಳ ಕ್ಲಾಸು ಮುಗಿದ ಮೇಲೆ ಮನೆಗೆ ಹೋಗದೆ ಬಾಗಿಲಲ್ಲಿ ನಿಂತು ಅವನು ಕೆಲಸ ಮಾಡುವುದನ್ನು ನೋಡಿದಳು. ಪಿಯಾನೊದ ಕಾಳಜಿಗಾಗಿ ನಿಂತೆ ಎಂದು ತನಗೆ ತಾನೇ ಹೇಳಿಕೊಂಡಳು. ಅವತ್ತಿನ ಮಟ್ಟಿಗೆ ಅದು ನಿಜವೂ ಆಗಿತ್ತು.

ಅಂಬಾಳ ಅಪ್ಪ ಧಾರವಾಡದಿಂದ ಬಂದು ಖಡಕಿಯ ಕಾರ್ಖಾನೆಯಲ್ಲಿ ನೌಕರಿ ಮಾಡಿದವರು. ಅಲ್ಲಿಯ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಡಿಸೋಜಾ ಆಂಟಿ ಪಿಯಾನೊ ನುಡಿಸುವಾಗ ಹುಡುಗಿ ಗೋಡೆಗೆ ಕಿವಿ ಹಚ್ಚಿ ಕೂರುತ್ತಿದ್ದಳು. ಕೊನೆಗೆ ಆಂಟಿಯೇ ಒಳಗೆ ಕರೆದು ಕಲಿಸಿದರು. ಈಗ ಅಪ್ಪ ಇಲ್ಲ. ತಾಯಿ ಮಗಳು ಸಹಕಾರನಗರದ ಫ್ಲಾಟಿನಲ್ಲಿದ್ದಾರೆ. ಧಾರವಾಡದವಳಾಗಿ ಗಾಯನ ಬಿಟ್ಟು ಈ ಪೆಟ್ಟಿಗೆಯ ಬೆನ್ನು ಹತ್ತಿದಳಲ್ಲ ಎಂಬ ಕೊರಗು ಅವ್ವನಿಗೆ ಇವತ್ತಿಗೂ ಇದೆ. ಮೂವತ್ತು ದಾಟಿದರೂ ಮದುವೆಯ ಮಾತೆತ್ತುವುದಿಲ್ಲವಲ್ಲ ಎಂಬುದು ಎರಡನೆಯ ಕೊರಗು.

ದುರಸ್ತಿ ನಡೆಯುತ್ತಿದ್ದಾಗ ಒಂದು ದೊಡ್ಡ ಜಗಳವೇ ಆಯಿತು. ಪಿಯಾನೊದ ತಂತಿಗಳನ್ನು ಸುತ್ತುವ ಪಿನ್ನುಗಳೆಲ್ಲ ಒಂದು ದಪ್ಪ ಹಲಗೆಯಲ್ಲಿ ಕೂತಿರುತ್ತವೆ. ಆ ಹಲಗೆ ಪಿನ್ನನ್ನು ಬಿಗಿಯಾಗಿ ಹಿಡಿದರೆ ಮಾತ್ರ ಸುರ ನಿಲ್ಲುತ್ತದೆ. ಮುಂಬಯಿಯ ದೊಡ್ಡ ಅಂಗಡಿಯವರು ಬಂದು ನೋಡಿ, ಹಲಗೆ ಹಳೆಯದಾಗಿದೆ, ಕಿತ್ತು ಹೊಸದು ಹಾಕಬೇಕು ಎಂದರು. ಶಾಲೆಯ ಕಾರ್ಯದರ್ಶಿ ದಿಗಂಬರ ಸರ್ ಕೂಡ ಅದಕ್ಕೇ ತಲೆ ಆಡಿಸಿದರು.

ಮಾರ್ತಾಂಡ ಒಪ್ಪಲಿಲ್ಲ.

"ಹಲಗಿ ಗಟ್ಟಿ ಅದ. ತೂತು ಅಷ್ಟ ಸವದಾವ. ಒಂದು ಎಳಿ ದಪ್ಪನ್ನ ಪಿನ್ನು ಹಾಕಿದ್ರ ಹಿಡೀತದ. ತಂತಿ ಹೆಂಗೂ ಹೊಸಾವು, ಇನ್ನ ಹಲಗಿನೂ ಕಿತ್ತು ಹೊಸಾದು ಹಾಕಿದ್ರ ಹಳೇದು ಅಂತ ಏನು ಉಳೀತದರಿ? ಬರೇ ಪೆಟಗಿ."

"ಮುಂದೆ ಹಲಗೆ ಕೈಕೊಟ್ಟರೆ?" ಎಂದು ದಿಗಂಬರ ಸರ್ ಮರಾಠಿಯಲ್ಲಿ ಕೇಳಿದರು.

"ಜವಾಬ್ದಾರಿ ನಂದು," ಎಂದ ಮಾರ್ತಾಂಡ. "ಹಲಗಿ ಕೈಕೊಟ್ರ ನಾ ಈ ಕೆಲಸಕ್ಕ ಲಾಯಕ್ಕಿಲ್ಲ ಅಂತ ತಿಳೀರಿ."

ಅಂಬಾ ಅಲ್ಲೇ ಇದ್ದಳು. ಆ ಮಾತನ್ನು ತನ್ನ ಕಿವಿಯಾರೆ ಕೇಳಿದಳು. ಮುಂದೆ ಅವಳು ಮಾಡಿದ್ದನ್ನು ನೋಡಿದರೆ, ಕೇಳಿದ್ದು ತಲೆಗೆ ಇಳಿದಿರಲಿಲ್ಲ ಎನ್ನಬೇಕು.

ಸಂಕ್ರಾಂತಿಯ ಹೊತ್ತಿಗೆ ಕೆಲಸ ಮುಗಿಯಿತು. ಮಾರ್ತಾಂಡ ಮುಚ್ಚಳ ಎತ್ತಿ ಕೋಲು ಕೊಟ್ಟು, ಪಕ್ಕಕ್ಕೆ ಸರಿದು ನಿಂತ.

"ಕೂಡ್ರಿ. ಮದಲಿನ ಹಕ್ಕು ನಿಮ್ಮದು."

ಅಂಬಾ ಕೂತು ಮೆಲ್ಲಗೆ ಮೂರು ಪಟ್ಟಿ ಒತ್ತಿದಳು. ಹೊಸ ಪಿಯಾನೊಗಳಿಗಿರುವ ಆ ಹೊಳಪಿನ ದನಿ ಇದಕ್ಕಿರಲಿಲ್ಲ. ತುಸು ಮಬ್ಬು, ತುಸು ಬೆಚ್ಚಗಿನ ದನಿ. ಕೆಳಗಿನ ಸುರಗಳು ನೆಲದಲ್ಲಿ ಓಡಿ ಅವಳ ಅಂಗಾಲಿಗೆ ಬಂದವು. ಬಿಟ್ಟ ಮೇಲೂ ಸುರ ಬಹಳ ಹೊತ್ತು ಇತ್ತು, ಹೋಗಲು ಮನಸ್ಸಿಲ್ಲದಂತೆ.

"ಇವತ್ತಿನ ಸುರಕ್ಕಿಂತ ಒಂದು ಎಳಿ ಕೆಳಗ ಇಟ್ಟೀನ್ರಿ," ಎಂದ ಮಾರ್ತಾಂಡ. "ಇದನ್ನ ಮಾಡಿದ ಕಾಲಕ್ಕ ಎಲ್ಲಾ ಹಂಗ ಇತ್ತು. ಮುದುಕಿನ್ನ ಭಾಳ ಎಳೀಬಾರದು."

ಅಂಬಾಳ ಕಣ್ಣು ತುಂಬಿ ಬಂತು. ಅದನ್ನು ಅವನು ನೋಡಿದ. ನೋಡಿಯೂ ನೋಡದವನಂತೆ ತನ್ನ ಚೀಲ ಜೋಡಿಸಿಕೊಳ್ಳತೊಡಗಿದ. ಅವಳಿಗೆ ಅವನ ಮೇಲೆ ಮನಸ್ಸಾದದ್ದು ಆ ಹೊತ್ತಿಗೇ.

ಹೊಸ ತಂತಿ ಹಾಕಿದ ಪಿಯಾನೊ ಒಂದೇ ಸಲಕ್ಕೆ ನಿಲ್ಲುವುದಿಲ್ಲ. ತಂತಿ ಹಿಗ್ಗುತ್ತದೆ, ಸುರ ಇಳಿಯುತ್ತದೆ. ಮತ್ತೆ ಏರಿಸಬೇಕು, ಮತ್ತೆ ಇಳಿಯುತ್ತದೆ. ಹಾಗಾಗಿ ಆ ವರ್ಷವಿಡೀ ಮಾರ್ತಾಂಡ ಧನಕವಡಿಯಿಂದ ಕ್ಯಾಂಪಿಗೆ ಬರುತ್ತಲೇ ಇದ್ದ.

ಬಂದಾಗೆಲ್ಲ ಅಂಬಾ ಪಕ್ಕದಲ್ಲಿ ಕೂರುತ್ತಿದ್ದಳು.

"ಒಂದೊಂದು ಸುರಕ್ಕ ಮೂರು ತಂತಿ ಇರ್ತಾವ್ರಿ," ಎಂದು ಅವನು ತೋರಿಸಿದ. ಒಂದು ತಂತಿ ಮಿಡಿಯದಂತೆ ಉಣ್ಣೆಯ ಬೆಣೆ ತುರುಕಿ, ಉಳಿದೆರಡನ್ನು ಬಾರಿಸಿದ. "ಕಿವಿಗೊಟ್ಟು ಕೇಳ್ರಿ. ಸ್ವಲ್ಪ ಹೆಚ್ಚುಕಮ್ಮಿ ಇದ್ರ ಒಳಗ ಅಲಿ ಏಳ್ತದ. ವಾಂವ್... ವಾಂವ್... ಅಂತ. ಸಮೀಪ ಬಂದಂಗ ಅಲಿ ನಿಧಾನ ಆಗ್ತದ."

"ಸರಿ ಆದಾಗ?"

"ನಿಂತ ಬಿಡ್ತದ. ಈಗ... ಈಗ ನೋಡ್ರಿ."

ಅಲೆ ನಿಂತಿತು. ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದರು. ಟ್ಯೂನಿಂಗ್ ಎಂದರೆ ಅಷ್ಟೇ, ಇಬ್ಬರು ಒಂದೇ ಸದ್ದನ್ನು ಕೇಳುತ್ತ ಪಕ್ಕಪಕ್ಕ ಕೂರುವುದು. ಪ್ರಾಯದವರಿಗೆ ಇದು ಅಷ್ಟೇನೂ ನಿರಪಾಯದ ಕೆಲಸವಲ್ಲ ಎಂಬುದು ಯಾರಿಗಾದರೂ ತಿಳಿಯುತ್ತಿತ್ತು, ಆ ಇಬ್ಬರನ್ನು ಬಿಟ್ಟು.

ಮಳೆಗಾಲ ಮುಗಿಯುವಷ್ಟರಲ್ಲಿ ಅಂಬಾ ತಾನೇ ಒಂದೆರಡು ತಂತಿ ಸರಿಮಾಡುವುದನ್ನು ಕಲಿತಿದ್ದಳು. ಪಿನ್ನು ತಿರುಗಿಸುವ ಉದ್ದ ಹಿಡಿಯ ಚಾವಿಯೊಂದನ್ನು ಮಾರ್ತಾಂಡ ಅವಳ ಹತ್ತಿರವೇ ಬಿಟ್ಟ.

"ಕಾರ್ಯಕ್ರಮದ ಹೊತ್ತಿಗೆ ಒಂದು ತಂತಿ ಇಳಿದ್ರ ನನ್ನ ದಾರಿ ಕಾಯಬ್ಯಾಡ್ರಿ. ನಿಮ್ಮ ಕೈ ಚಲೋ ಅದ. ಒಂದು ಲಕ್ಷ್ಯದಾಗ ಇಡ್ರಿ, ಏರಿಸಿರಲಿ, ಇಳಿಸಿರಲಿ, ತಿರುಗಿಸಿದ ಮ್ಯಾಲೆ ಪಟ್ಟಿ ಜೋರ್ ಹೊಡೀಬೇಕು. ಇಲ್ಲಾಂದ್ರ ತಂತಿ ಸುಳ್ಳ ಹೇಳ್ತದ. ಈಗ ಸರಿ ಅಂತದ, ಆಮ್ಯಾಲೆ ಜಾರ್ತದ."

ಮನೆಯಲ್ಲಿ ಅವ್ವನಿಗೆ ಬೇರೆ ಲೆಕ್ಕವಿತ್ತು.

"ಇವತ್ತ ಆ ಬೆಳಗಾವಿಯವ ಬರ್ತಾನೇನ?" ಎಂದಳು ಒಂದು ದಿನ, ರೊಟ್ಟಿ ಬಡಿಯುತ್ತ.

"ನಿನಗ ಹೆಂಗ ಗೊತ್ತಾತು?"

"ಇಳಕಲ್ ಸೀರಿ ಉಟ್ಟೀಯಲ್ಲ. ಪಿಯಾನೊಕ್ಕ ಸೀರಿ ಕಾಣಸ್ತದೇನ?"

ಅಂಬಾ ಡಬ್ಬಿ ಕಟ್ಟಿಕೊಂಡು ಹೊರಟಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಬಸ್‌ಸ್ಟಾಪಿನವರೆಗೂ ಸೆರಗು ಸರಿಮಾಡಿಕೊಳ್ಳುತ್ತಲೇ ಇದ್ದಳು.

ಮರುವರ್ಷ ಹೋಳಿ ಕಳೆದು ಬಿಸಿಲೇರುವ ಹೊತ್ತಿಗೆ ಪಿಯಾನೊದ ಸುರ ನಿಂತಿತು. ಮಾರ್ತಾಂಡ ಈ ತುದಿಯಿಂದ ಆ ತುದಿಯವರೆಗೆ ಬಾರಿಸಿ ನೋಡಿದ. ಒಂದು ತಂತಿಯೂ ಅಲುಗಿರಲಿಲ್ಲ.

"ಆತು ನೋಡ್ರಿ," ಎಂದು ಖುಷಿಯಿಂದ ಕೈ ಒರೆಸಿಕೊಂಡ. "ಹಲಗಿ ಮಾತು ಉಳಿಸ್ತು. ಇನ್ನ ದೀಪಾವಳಿ ತನಕ ನನ್ನ ಕೆಲಸ ಇಲ್ಲ ಇಲ್ಲಿ."

"ದೀಪಾವಳಿ ತನಕ?"

"ಹೌದ್ರಿ. ನಿಂತ ಪಿಯಾನೊಕ್ಕ ಯಾಕ ಕೈ ಹಚ್ಚೂದು?"

ಕೆಲಸ ಚೆನ್ನಾಗಿ ಮಾಡಿದವನಿಗೆ ಇದೇ ಶಿಕ್ಷೆ, ಎಷ್ಟು ಚೆನ್ನಾಗಿ ಮಾಡಿದರೆ ಅಷ್ಟು ಕಡಿಮೆ ಬರಬೇಕು. ಆದರೆ ಅವನು ಖುಷಿಯಲ್ಲಿದ್ದ. ಚೀಲ ಹೆಗಲಿಗೇರಿಸಿ ನಗುತ್ತಲೇ ಹೋದ.

'ಇವನಿಗೇನೂ ಅನ್ನಿಸುವುದೇ ಇಲ್ಲವೇ...?' ಅಂಬಾ ಮುಚ್ಚಿದ ಪಿಯಾನೊದ ಮುಂದೆ ಬಹಳ ಹೊತ್ತು ಕೂತಳು. 'ನಾನೇ ಹೇಳಲೇ? ಏನಂತ ಹೇಳಲಿ? ಒಂದು ವರ್ಷದಲ್ಲಿ ಪಿಯಾನೊ ಬಿಟ್ಟು ಬೇರೆ ಮಾತನ್ನೇ ಆಡದ ಮನುಷ್ಯನಿಗೆ...'

ಕೆಲವು ದಿನ ತಡೆದಳು. ಆಮೇಲೆ ಒಂದು ಮಧ್ಯಾಹ್ನ, ಹಾಲಿನಲ್ಲಿ ಯಾರೂ ಇಲ್ಲದಾಗ, ಚಾವಿ ತೆಗೆದುಕೊಂಡು ನಡುಸಪ್ತಕದ ಗಂಧಾರದ ಮೂರನೇ ತಂತಿಯನ್ನು ಒಂದಿಷ್ಟು ಸಡಿಲಿಸಿದಳು. ಕಲಿಸಿದ ಹಾಗೆ ಪಟ್ಟಿಯನ್ನು ಜೋರಾಗಿ ಹೊಡೆದಳು. ವಾಂವ್... ವಾಂವ್... ಎಂದು ಅಲೆ ಎದ್ದಿತು. ಫೋನ್ ಎತ್ತಿಕೊಂಡಳು.

"ಗಂಧಾರ ಇಳದದ್ರಿ."

"ಇಳೀಬಾರದಲ್ಲ," ಎಂದ ಮಾರ್ತಾಂಡ. "ನೀವು ಏರಿಸಿ ನೋಡಲಿಲ್ಲೇನು? ಚಾವಿ ಅದ ಅಲ್ಲ ನಿಮ್ಮ ಕಡೆ?"

ಈ ಪ್ರಶ್ನೆಯನ್ನು ಅವಳು ಯೋಚಿಸಿಯೇ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಏರಿಸಿದೆ. ಮತ್ತ ಇಳೀತು."

ಆ ಕಡೆ ಚೀಲಕ್ಕೆ ಸಾಮಾನು ಹಾಕುವ ಸದ್ದು ಕೇಳಿತು.

"ಬರ್ತೀನಿ," ಎಂದ.

ಏರಿಸಿದರೂ ನಿಲ್ಲದ ತಂತಿ ಎಂದರೆ ಪಿಯಾನೊ ಕೆಲಸದವನಿಗೆ ಒಂದೇ ಅರ್ಥ. ಪಿನ್ನನ್ನು ಹಲಗೆ ಹಿಡಿಯುತ್ತಿಲ್ಲ. ಅಂಬಾಗೆ ಈ ಪಾಠವೂ ಗೊತ್ತಿತ್ತು, ಆದರೆ ಅವಳ ಲಕ್ಷ್ಯವೆಲ್ಲ ಅವನು ಬರುವ ದಾರಿಯ ಮೇಲಿತ್ತು.

ಅವನು ಬಂದ, ಪಿನ್ನು ಅಲುಗಿಸಿ ನೋಡಿದ. ಬಿಗಿಯಾಗಿತ್ತು. ತಂತಿ ಏರಿಸಿದ, ನಿಂತಿತು. ಚಹಾ ಕುಡಿದು ಹೋದ. ಅವತ್ತು ಅಂಬಾಗೆ ಹಬ್ಬ.

ಸ್ವಲ್ಪ ದಿನ ಬಿಟ್ಟು ಅದೇ ತಂತಿ ಮತ್ತೆ ಇಳಿಯಿತು. ಮತ್ತೆ ಫೋನು, ಮತ್ತೆ ಅದೇ ಮಾತು. ಈ ಸಲ ಮಾರ್ತಾಂಡ ಟಾರ್ಚ್ ಹಿಡಿದು ಪಿನ್ನಿನ ಸುತ್ತ ಬಹಳ ಹೊತ್ತು ನೋಡಿದ. ಚಹಾ ಆರಿಹೋಯಿತು.

'ಮೂರನೇ ಸಲವೂ ಅದೇ ತಂತಿ ಇಳಿದರೆ ಸಂಶಯ ಬಂದೀತು,' ಎಂದು ಅಂಬಾ ಜಾಣತನ ಮಾಡಿದಳು. ಗಂಧಾರವನ್ನು ಬಿಟ್ಟು ಅದರ ಪಕ್ಕದ ಮಧ್ಯಮದ ತಂತಿಯನ್ನು ಸಡಿಲಿಸಿದಳು.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಒಂದು ಪಿನ್ನು ಸಡಿಲಾದರೆ ಅದು ಪಿನ್ನಿನ ದೋಷ ಇರಬಹುದು. ಪಕ್ಕದ ಪಿನ್ನೂ ಸಡಿಲಾದರೆ ಹಲಗೆಯೊಳಗೆ ಬಿರುಕು ಬಿಟ್ಟಿದೆ, ಬಿರುಕು ಹರಿಯುತ್ತಿದೆ ಎಂದು ಅರ್ಥ. ಹೊರಗೆ ಅದು ಕಾಣುವುದಿಲ್ಲ. ಬಿಸಿಲಿಗೆ ಬಾಯಿ ಬಿಟ್ಟು ತಂಪಿಗೆ ಮುಚ್ಚಿಕೊಂಡರೆ, ಬಂದು ನೋಡುವ ಹೊತ್ತಿಗೆ ಪಿನ್ನು ಬಿಗಿಯಾಗಿಯೇ ಇರುತ್ತದೆ.

ಮಾರ್ತಾಂಡ ಮಧ್ಯಮದ ಪಟ್ಟಿಯನ್ನು ಒಂದೇ ಸಲ ಒತ್ತಿದ. ಅಲೆಯನ್ನು ಕೇಳಿದ. ಅವನ ಮುಖ ಬಿಳಿಚಿತು. ತಂತಿ ಏರಿಸಿ, ಚೀಲ ತೆಗೆದುಕೊಂಡು ಎದ್ದ.

"ಚಾ ತರ್ತೀನ್ರಿ..." ಎಂದಳು ಅಂಬಾ.

"ಬ್ಯಾಡ್ರಿ."

ಅವಳ ಮುಖವನ್ನೂ ನೋಡದೆ ಹೋದ.

'ಗೊತ್ತಾಗಿಬಿಟ್ಟಿದೆ,' ಎಂದುಕೊಂಡಳು ಅಂಬಾ. ಚಾವಿಯನ್ನು ಅಲಮಾರಿಯೊಳಗೆ ತಳ್ಳಿದಳು. 'ಹೇಸಿಗೆಪಟ್ಟುಕೊಂಡು ಹೋದ. ಇನ್ನು ಬರುವುದಿಲ್ಲ.'

ಆಮೇಲೆ ಅವಳು ಫೋನ್ ಮಾಡಲಿಲ್ಲ, ತಂತಿಯನ್ನೂ ಮುಟ್ಟಲಿಲ್ಲ. ಅವನೂ ಫೋನ್ ಮಾಡಲಿಲ್ಲ. ಅವಳು ಅವನಿಗೆ ಎಲ್ಲ ತಿಳಿದಿದೆ ಎಂದು ಕೊರಗುತ್ತಿದ್ದಳು. ಅವನು ಏನೂ ತಿಳಿಯದೆ ಕೊರಗುತ್ತಿದ್ದ. ಒಂದೇ ಊರಿನಲ್ಲಿ, ಒಂದೇ ಪಿಯಾನೊದ ಸಲುವಾಗಿ, ಇಬ್ಬರಿಗೂ ಅನ್ನ ರುಚಿಸುತ್ತಿರಲಿಲ್ಲ.

"ಬೆಳಗಾವಿಯವಗ ಏನಾತು?" ಎಂದಳು ಅವ್ವ.

"ಏನೂ ಇಲ್ಲ."

"ಏನೂ ಇಲ್ಲದ್ದಕ್ಕ ಯಾರೂ ಸಾರಿಗೆ ಎರಡೆರಡು ಸಲ ಉಪ್ಪು ಹಾಕೂದಿಲ್ಲ."

ಒಂದು ಸೋಮವಾರ ಬೆಳಿಗ್ಗೆ ಅಂಬಾ ಶಾಲೆಗೆ ಹೋದಾಗ ದಿಗಂಬರ ಸರ್ ಆಫೀಸಿನ ಬಾಗಿಲಲ್ಲೇ ಸಿಕ್ಕರು. ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದರು.

"ನಿಮ್ಮ ಕ್ಲಾಸನ್ನು ಮೇಲಿನ ಕೋಣೆಗೆ ಹಾಕಿದ್ದೇನೆ. ಹಾಲು ಇನ್ನು ಕೆಲವು ತಿಂಗಳು ಸಿಗುವುದಿಲ್ಲ. ಮುಂಬಯಿಯವರು ಹೇಳಿದ್ದೇ ಸರಿಯಾಯಿತು ನೋಡಿ. ಹಲಗೆ ಒಡೆದಿದೆಯಂತೆ. ಮಾರ್ತಾಂಡನೇ ತಂತಿಗಳನ್ನೆಲ್ಲ ಕತ್ತರಿಸಿ, ಹಲಗೆ ಕಿತ್ತು ಹೊಸದು ಹಾಕುತ್ತಾನಂತೆ. ತಪ್ಪು ನನ್ನದೇ ಎಂದು ಮಾರ್ತಾಂಡ ತಾನಾಗಿ ಬಂದು ಒಪ್ಪಿಕೊಂಡ. ಪಾಪ, ಕೆಟ್ಟವನಲ್ಲ."

"ಅವರೇ ಬಂದು ಹೇಳಿದರೇ?" ಎಂದಳು ಅಂಬಾ.

"ಇದೇ ಕೊನೆಯ ಕೆಲಸವಂತೆ," ಎಂದು ದಿಗಂಬರ ಸರ್ ಮುಂದುವರಿಸಿದರು. "ಶೆಡ್ ಬಿಡುತ್ತಾನೆ. ಅವನ ಕಾಕನ ಮಗ ರಾಂಜಣಗಾಂವದ ಫ್ರಿಜ್ ಕಾರ್ಖಾನೆಯಲ್ಲಿದ್ದಾನಲ್ಲ, ಅಲ್ಲೇ ಇವನಿಗೂ ಕೆಲಸ ನೋಡಿದ್ದಾನಂತೆ. ತನ್ನ ಕೈ ಮೇಲೆ ತನಗೇ ನಂಬಿಕೆ ಹೋಗಿದೆ ಎಂದ."

"ಈಗ ಎಲ್ಲಿದ್ದಾರೆ ಅವರು?"

"ಹಾಲಿನಲ್ಲಿ. ಶುರು ಮಾಡಿದ್ದಾನೆ."

ಅಂಬಾ ಓಡಿದಳು. ಈ ವಯಸ್ಸಿನಲ್ಲಿ ಸೀರೆಯುಟ್ಟು ಶಾಲೆಯ ಮೊಗಸಾಲೆಯಲ್ಲಿ ಓಡುವುದು ಚೆನ್ನಾಗಿ ಕಾಣುವುದಿಲ್ಲ ಎಂಬುದು ಅವಳಿಗೆ ನೆನಪಾಗಲಿಲ್ಲ. ಏನೋ ಆಗಿದೆ ಎಂದು ದಿಗಂಬರ ಸರ್ ಕೂಡ ಹಿಂದೆಯೇ ಬಂದರು.

ತಂತಿಗಳನ್ನು ಒಮ್ಮೆಲೇ ಕತ್ತರಿಸುವಂತಿಲ್ಲ. ಮೊದಲು ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು, ಇಲ್ಲದಿದ್ದರೆ ಒಳಗಿನ ಕಬ್ಬಿಣದ ಚೌಕಟ್ಟೇ ಸೀಳಬಹುದು. ಮಾರ್ತಾಂಡ ಕೆಳಗಿನ ಸಪ್ತಕದ ದಪ್ಪ ತಂತಿಗಳನ್ನು ಸಡಿಲಿಸುತ್ತಿದ್ದ. ಕತ್ತರಿ ಪಕ್ಕದ ಸ್ಟೂಲಿನ ಮೇಲಿತ್ತು. ಅವನು ಗಡ್ಡ ಬಿಟ್ಟಿದ್ದ.

"ನಿಲ್ಲಸ್ರಿ," ಎಂದಳು ಅಂಬಾ.

"ಕ್ಲಾಸು ಮ್ಯಾಲಿನ ಖೋಲ್ಯಾಗ ಅದ ಅಂತ್ರಿ," ಎಂದ, ತಲೆ ಎತ್ತದೆ.

"ಹಲಗಿ ಒಡದಿಲ್ಲ. ತಂತಿ ನಾನ ಇಳಿಸಿದ್ದು."

ಮಾರ್ತಾಂಡನ ಕೈ ನಿಂತಿತು.

"ಮೂರೂ ಸಲ ನಾನ. ಏರಿಸಿದೆ, ನಿಲ್ಲಲಿಲ್ಲ ಅಂದದ್ದು ಸುಳ್ಳ. ನಾ ಏರಿಸಲಿಕ್ಕೇ ಹೋಗಿಲ್ಲ."

ದಿಗಂಬರ ಸರ್‌ಗೆ ಕನ್ನಡ ಬರುವುದಿಲ್ಲ. ಏನು ಎಂದು ಕೇಳಿದರು. ಅಂಬಾ ಅದನ್ನೇ ಅವರ ಕಡೆ ತಿರುಗಿ ಮರಾಠಿಯಲ್ಲೂ ಹೇಳಿದಳು. ಒಂದೇ ತಪ್ಪನ್ನು ಎರಡು ಭಾಷೆಗಳಲ್ಲಿ ಒಪ್ಪಿಕೊಳ್ಳುವುದು ಸುಲಭವಲ್ಲ.

ಮಾರ್ತಾಂಡ ಅವಳನ್ನು ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ನೀವು ಭಾಳ ಒಳ್ಳೇವರ್ರಿ," ಎಂದ. "ಆದ್ರ ನನ್ನ ಮರ್ಯಾದಿ ಉಳಸಲಿಕ್ಕೆ ನೀವು ಸುಳ್ಳ ಹೇಳೂದು ಬ್ಯಾಡ. ನನಗ ಕನಿಕರ ಬ್ಯಾಡ್ರಿ."

ಅಂಬಾ ಇದಕ್ಕೆ ಸಿದ್ಧಳಿರಲಿಲ್ಲ. ಬೈಯುತ್ತಾನೆ ಎಂದುಕೊಂಡಿದ್ದಳು, ಕತ್ತು ಹಿಡಿದು ಹೊರಗೆ ದಬ್ಬುತ್ತಾನೆ ಎಂದೂ ಅಂದುಕೊಂಡಿದ್ದಳು. ನಂಬುವುದೇ ಇಲ್ಲ ಎಂದು ಯಾರಿಗೆ ಗೊತ್ತಿತ್ತು?

"ಕನಿಕರ ಅಲ್ಲ, ಖರೇ."

"ಕೈಲೆ ತಿರುಗಿಸಿದ್ರ ನನಗ ಗೊತ್ತಾಗ್ತಿರಲಿಲ್ಲೇನು?"

"ಗೊತ್ತಾಗಲಾರದಂಗ ತಿರುಗಿಸಲಿಕ್ಕೆ ನೀವ ಕಲಿಸೀರಿ."

ಅವಳು ಅಲಮಾರಿಯಿಂದ ಚಾವಿ ತಂದಳು. ಅವನನ್ನು ದಾಟಿ ಪಿಯಾನೊದ ಮುಂದೆ ನಿಂತಳು. ನಡುಸಪ್ತಕವನ್ನು ಅವನು ಇನ್ನೂ ಮುಟ್ಟಿರಲಿಲ್ಲ. ಅವಳು ಗಂಧಾರದ ಮೂರನೇ ತಂತಿಯ ಪಿನ್ನಿಗೆ ಚಾವಿ ಕೂರಿಸಿ, ಮಣಿಕಟ್ಟು ಮಾತ್ರ ಅಲುಗಿಸಿ ಒಂದಿಷ್ಟೇ ಇಳಿಸಿದಳು. ಪಟ್ಟಿಯನ್ನು ಜೋರಾಗಿ ಹೊಡೆದಳು. ಮತ್ತೊಮ್ಮೆ ಹೊಡೆದಳು. ಆಮೇಲೆ ಮೆಲ್ಲಗೆ ಒತ್ತಿ ಹಿಡಿದಳು.

ವಾಂವ್... ವಾಂವ್... ವಾಂವ್...

ಮಾರ್ತಾಂಡ ಕಣ್ಣು ಮುಚ್ಚಿ ಕೇಳಿದ. ಅದು ಅದೇ ಅಲೆ. ಮೊದಲ ಸಲ ಕೇಳಿದ್ದು, ಎರಡನೇ ಸಲ ಕೇಳಿದ್ದು, ಆಮೇಲೆ ಮಧ್ಯಮದಲ್ಲಿ ಕೇಳಿ ಎದೆ ಒಡೆದುಕೊಂಡದ್ದು, ಎಲ್ಲ ಇದೇ ಅಲೆ. ಪ್ರತಿಸಲವೂ ಅದೇ ಅಳತೆಗೆ ಇಳಿದಿತ್ತು. ಬಿರುಕಿಗೆ ಅಳತೆ ಗೊತ್ತಿರುವುದಿಲ್ಲ, ಅದು ಒಮ್ಮೆ ಇಷ್ಟು ಬಿಡುತ್ತದೆ, ಒಮ್ಮೆ ಅಷ್ಟು. ಒಂದೇ ಅಳತೆ ಇಡುವುದು ಕೈ ಮಾತ್ರ. ಕಿವಿಗೆ ಇದು ಅವತ್ತೇ ಕೇಳಿಸಿತ್ತು. ಹೆದರಿಕೆಯಲ್ಲಿ ಅವನು ಕಿವಿಯ ಮಾತನ್ನು ನಂಬಿರಲಿಲ್ಲ.

ಅವನು ಸ್ಟೂಲಿನ ಮೇಲಿದ್ದ ಕತ್ತರಿ ಸರಿಸಿ ಕೂತುಬಿಟ್ಟ.

"ಹಾಗಾದರೆ ಪಿಯಾನೊ ಚೆನ್ನಾಗಿದೆಯೇ?" ಎಂದು ದಿಗಂಬರ ಸರ್ ಕೇಳಿದರು.

"ಪಿಯಾನೊ ಚೆನ್ನಾಗಿದೆ ಸರ್," ಎಂದ ಮಾರ್ತಾಂಡ, ಮರಾಠಿಯಲ್ಲಿ. "ಹಲಗೆಗೆ ಏನೂ ಆಗಿಲ್ಲ."

ದಿಗಂಬರ ಸರ್ ಇಬ್ಬರ ಮುಖವನ್ನೂ ನೋಡಿದರು. ಅವರಿಗೆ ಮದುವೆಯಾಗಿ ಬಹಳ ವರ್ಷವಾಗಿತ್ತು, ಆದರೂ ಪ್ರಾಯದ ದಿನಗಳನ್ನು ಪೂರ್ತಿ ಮರೆತಿರಲಿಲ್ಲ.

"ಅಂಬಾ ಮ್ಯಾಡಮ್, ನಿಮ್ಮ ಜೊತೆ ಆಮೇಲೆ ಮಾತಾಡುತ್ತೇನೆ," ಎಂದು ಬಾಗಿಲು ಎಳೆದುಕೊಂಡು ಹೋದರು.

ಹಾಲಿನಲ್ಲಿ ಇಬ್ಬರೇ ಉಳಿದರು.

"ಯಾಕ್ರಿ?" ಎಂದ ಮಾರ್ತಾಂಡ. ಈಗ ಸಿಟ್ಟು ಬಂದಿತ್ತು. "ಯಾಕ ಮಾಡಿದ್ರಿ ಇದನ್ನ? ದಿನಾ ಮುಂಜಾನೆ ಎದ್ದು ನನ್ನ ಕೈ ನೋಡ್ಕೋತ ಕೂತೀನಿ ನಾನು. ಅಪ್ಪ ಕಲಿಸಿದ ಕೈ ಇದು. ಬಂದ ಕೆಲಸಾ ಎಲ್ಲಾ ವಾಪಸ್ ಕಳಿಸೀನಿ. ಮತ್ತೊಬ್ಬರ ಪಿಯಾನೊ ಹಾಳು ಮಾಡೇನು ಅಂತ ಅಂಜಿ..."

"ನೀವು ದೀಪಾವಳಿ ತನಕ ಬರೂದಿಲ್ಲ ಅಂದ್ರಿ."

"ಅದಕ್ಕ?"

"ಅದಕ್ಕ ಅಷ್ಟ. ಅಲ್ಲೀತನಕ ನಿಮ್ಮನ್ನ ನೋಡಲಾರದ ಇರೂದು ನನ್ನ ಕೈಲೆ ಆಗ್ತಿರಲಿಲ್ಲ." ಅಂಬಾಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. "ನೀವಂದ್ರ ನನಗ ಜೀವ. ಬಾಯಿಬಿಟ್ಟು ಹೇಳಲಿಕ್ಕೆ ಧೈರ್ಯ ಇರಲಿಲ್ಲ, ತಂತಿ ಮ್ಯಾಲೆ ಹಾಕಿದೆ. ನಿಮ್ಮ ಕೆಲಸದ ಮ್ಯಾಲೆ ಕಲ್ಲು ಬೀಳ್ತದ ಅಂತ ತಲಿಗೆ ಹೊಳೀಲಿಲ್ಲ. ತಪ್ಪಾತು. ನೀವು ಬೈದ್ರೂ ಸರಿ, ಮಾತು ಬಿಟ್ರೂ ಸರಿ. ರಾಂಜಣಗಾಂವಕ್ಕ ಮಾತ್ರ ಹೋಗಬ್ಯಾಡ್ರಿ."

ಹೊರಗೆ ರಿಕ್ಷಾಗಳ ಹಾರ್ನು, ಮೇಲಿನ ಕೋಣೆಯಲ್ಲಿ ಟೀಚರಿಗಾಗಿ ಕಾಯುತ್ತಿದ್ದ ಮಕ್ಕಳ ಗದ್ದಲ. ಮಾರ್ತಾಂಡ ಎದ್ದು ಬಂದ. ಬೈಯಲಿಕ್ಕೇ ಬಂದ ಎಂದುಕೊಂಡಳು. ಅವನು ಅವಳ ಕೈಯಿಂದ ಚಾವಿ ತೆಗೆದುಕೊಂಡು, ಈಗಷ್ಟೇ ಅವಳು ಇಳಿಸಿದ ಪಿನ್ನಿಗೆ ಕೂರಿಸಿದ.

"ಗಂಧಾರ ಹಿಡೀರಿ," ಎಂದ.

ಅಂಬಾ ಪಟ್ಟಿ ಒತ್ತಿದಳು. ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು.

"ನೀವು ಕರದಾಗೆಲ್ಲ ಗಾಡಿ ಮ್ಯಾಲೆ ಕೂತು ಏನು ಬೇಡ್ಕೋತ ಬರ್ತಿದ್ದೆ ಗೊತ್ತದೇನ್ರಿ?" ಎಂದ, ಪಿನ್ನಿನ ಕಡೆಗೇ ನೋಡುತ್ತ. "ಕೆಲಸಾ ಲಗೂ ಮುಗೀದಿರಲಿ ಅಂತ. ಪಿಯಾನೊ ಇನ್ನೊಂದಿಷ್ಟು ಕೆಟ್ಟಿರಲಿ ಅಂತ. ಹಲಗಿ ಒಡೀತು ಅಂದ್ಕೊಂಡಾಗ ನನಗ ಅನಸಿದ್ದ ಅದು. ನಾ ಬೇಡಿಕೊಂಡದ್ದಕ್ಕ ದೇವರು ಮುದುಕಿ ಎದಿ ಒಡದಾನ ಅಂತ. ಹಿಂತಾ ಮನುಷ್ಯಾ ಪಿಯಾನೊ ಮುಟ್ಟಬಾರದು ಅಂತ."

ಅಂಬಾ ಅವನ ಮುಖ ನೋಡಿದಳು. ಒಂದು ವರ್ಷದಿಂದ ಪಕ್ಕದಲ್ಲಿ ಕೂತಿದ್ದರೂ ಈ ಮನುಷ್ಯನ ಮುಖವನ್ನು ಇಷ್ಟು ಹತ್ತಿರದಿಂದ, ಹೆದರದೆ ನೋಡಿದ್ದು ಇದೇ ಮೊದಲು.

"ಹಂಗಾದ್ರ ನೀವ್ಯಾಕ ಹೇಳಲಿಲ್ಲ?"

"ನೀವ್ಯಾಕ ಹೇಳಲಿಲ್ಲ?"

ಅಂಬಾಗೆ ಅಳುವಿನ ನಡುವೆಯೇ ನಗು ಬಂತು. ಮಾರ್ತಾಂಡ ನಗದಿರಲು ಪ್ರಯತ್ನಿಸಿದ, ಆಗಲಿಲ್ಲ.

"ಸಿಟ್ಟು ಹೋಗಿಲ್ಲ ಮತ್ತ," ಎಂದ. "ನಾಕು ದಿನ ಇರ್ತದ."

"ಇರಲಿ ಬಿಡ್ರಿ. ಇಲ್ಲೇ ಕೂತು ಸಿಟ್ಟು ಮಾಡ್ರಿ."

ಅವನು ಕೆಳಗಿನ ಸಪ್ತಕದ ಕಡೆ ಕೈ ತೋರಿಸಿದ. ದಪ್ಪ ತಂತಿಗಳೆಲ್ಲ ಸೊರಗಿ ಬಿದ್ದಿದ್ದವು.

"ಇಷ್ಟು ಸಡಲು ಮಾಡೀನಿ ನೋಡ್ರಿ. ಇನ್ನ ಎಲ್ಲಾ ಮತ್ತ ಏರಿಸಬೇಕು. ಏರಿಸಿದ್ದು ಇಳೀತದ, ಮತ್ತ ಏರಿಸಬೇಕು. ಮಳಿಗಾಲ ತನಕ ವಾರ ವಾರ ಬರಬೇಕಾಗ್ತದ."

"ಆಮ್ಯಾಲೆ?"

"ಆಮ್ಯಾಲೆ ನಿಲ್ತದ. ಕೆಲಸಾ ಇರೂದಿಲ್ಲ."

"ಕೆಲಸಾ ಇಲ್ಲದಾಗನೂ ಬರ್ರಿ," ಎಂದಳು ಅಂಬಾ. "ಇಲ್ಲಿಗಲ್ಲ. ಸಹಕಾರನಗರಕ್ಕ, ಮನಿಗೆ."

"ಅವ್ವಾರು ಯಾಕ ಬಂದಿ ಅಂತ ಕೇಳಿದ್ರ?"

"ಖರೇ ಹೇಳ್ರಿ," ಎಂದಳು.